ಇನ್ನೂರ ಹದಿನಾರು

ಪೀಣ್ಯ ಎರಡನೇ ಹಂತ. ಲೇತ್ ಮಷೀನುಗಳೆಲ್ಲ
ಬಾಯಿ ಮುಚ್ಚಿ ಮಲಗಿದ ಮೇಲೂ
ನಮ್ಮದೊಂದು ಪೆಟ್ಟಿಗೆ ಗೊರಕೆ ಹೊಡೆಯುತ್ತಿದೆ.
ಅದರೊಳಗೆ ಮೈನಸ್ ನಲವತ್ತು.
ಹೊರಗೆ ಬನಿಯನ್ನಿನಲ್ಲಿ ಮುನಿಹೊನ್ನಯ್ಯ,
ಏಪ್ರಿಲ್ಲಿನ ಸೆಕೆಗೆ ರಟ್ಟಿನ ಚೂರಿನಿಂದ
ಗಾಳಿ ಹಾಕಿಕೊಳ್ಳುತ್ತ.

ಹಿತ್ತಾಳೆ ಕೊಳವೆಗೆ ಎಂಟು ಸೆನ್ಸರು,
ಮೊಲೆಗೆ ಬಿದ್ದ ಮರಿಗಳ ಹಾಗೆ.
ಒಂದೊಂದರ ಹೊಟ್ಟೆಯಲ್ಲೂ ಉಗುರಿಗಿಂತ ತೆಳುವಾದ ಪೊರೆ.
ಒತ್ತಿದರೆ ಕೂದಲೆಳೆಯಷ್ಟೂ ಬಾಗದು,
ಆದರೂ ಬಾಗಿದೆ ಎನ್ನುತ್ತದೆ,
ಮಿಲಿವೋಲ್ಟಿನ ಪಿಸುಮಾತಿನಲ್ಲಿ.
ಬಿಸಿಯಲ್ಲಿ ಆ ಮಾತಿಗೊಂದು ರಾಗ, ಚಳಿಯಲ್ಲಿ ಇನ್ನೊಂದು.
ರಾಗ ಕಳೆದು ಮಾತಷ್ಟನ್ನೇ ಉಳಿಸುವುದು
ನನ್ನ ಹೊಟ್ಟೆಪಾಡು.

ನಮ್ಮ ಕಸುಬಿನಲ್ಲಿ ಏನೂ ಇಲ್ಲ ಎನ್ನುವುದಕ್ಕೆ ನಾಲ್ಕು ಎನ್ನುತ್ತೇವೆ.
ನಾಲ್ಕು ಮಿಲಿಆಂಪ್: ಒತ್ತಡವಿಲ್ಲ, ಆದರೆ ನಾನಿದ್ದೇನೆ.
ಸೊನ್ನೆ ಬಂದರೆ ತಂತಿ ಕಡಿದಿದೆ ಎಂದರ್ಥ.
ಇಪ್ಪತ್ತಕ್ಕೆ ಕೊಡ ತುಂಬಿತು.
ಈ ರಾತ್ರಿ ಯಾರೂ ಏನೂ ಒತ್ತದೆ ಇಪ್ಪತ್ತೆರಡು,
ಎಂಟಕ್ಕೆ ಎಂಟೂ.
ಇಪ್ಪತ್ತೈದು ಡಿಗ್ರಿಯಲ್ಲಿ ಸರಿ. ಎಂಬತ್ತೈದರಲ್ಲೂ ಸರಿ.
ಚಳಿಗಿಟ್ಟರೆ ಚೀರಾಟ.

ಮೊದಲು ಕೇಬಲ್ಲನ್ನು ಬೈದೆ.
ಆಮೇಲೆ ಬೆಸುಗೆಯನ್ನು, ಬೆಸುಗೆ ಹಾಕಿದ ಹುಡುಗಿಯನ್ನು,
ಅವಳಿಲ್ಲದಾಗ. ನಾಳೆ ತಿಂಡಿ ಕೊಡಿಸಬೇಕು.
ರಬ್ಬರಿನ ಉಂಗುರ ಚಳಿಗೆ ಕಲ್ಲಾಗಿ ಗಾಳಿ ಬಿಟ್ಟಿತೇ?
ಬಿಟ್ಟಿಲ್ಲ.
"ಗಾಳಿ ತಣ್ಣಗಾದ್ರೆ ಕಬ್ಬಿಣ ತಣ್ಣಗಾಯ್ತಾ ಮೇಡಂ?
ಹೆಸರುಬೇಳೆ ನೆನೆಯೋಕೂ ಹೊತ್ತು ಬೇಕು"
ಎಂದ ಮುನಿಹೊನ್ನಯ್ಯ.
ಒಂದು ಗಂಟೆ ಕಾದೆವು.
ಅವನ ಮಾತೇ ನಿಜವಾಗಲೆಂದು ಎಷ್ಟು ಆಸೆಯಿತ್ತು ನನಗೆ.
ಇಪ್ಪತ್ತೆರಡು.

ಕೊನೆಗೆ ತೆರೆದದ್ದು ಸಂಪಂಗಿರಾಮರ ಕೋಡ್.
ಹನ್ನೆರಡು ವರ್ಷದ ಹಿಂದೆ ಬರೆದಿಟ್ಟು ಹೋದವರು
ಈಗ ಹೆಸರಘಟ್ಟದ ಕಡೆ ಅಣಬೆ ಬೆಳೆಯುತ್ತಾರಂತೆ.
ನಡುನಡುವೆ ಟಿಪ್ಪಣಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
ಇಲ್ಲಿ ಕೈ ಹಾಕಬೇಡಿ.
ಇದು ಯಾಕೆ ಕೆಲಸ ಮಾಡುತ್ತೋ ನನಗೂ ಗೊತ್ತಿಲ್ಲ.
ಕಾಫಿ ಕುಡಿದು ಬಂದು ನೋಡುವುದು.

ನಾನೂ ಕುಡಿದು ಬಂದು ನೋಡಿದೆ.
ಪೆಟ್ಟಿಗೆಯೊಳಗಿನ ಉಷ್ಣತೆ ಎಂದು ತಂತ್ರಾಂಶ ಬರೆದುಕೊಂಡ ಅಂಕಿ
ಇನ್ನೂರ ಹದಿನಾರು.

ಇನ್ನೂರ ಐವತ್ತಾರರಲ್ಲಿ ನಲವತ್ತು ಕಳೆದರೆ...
ಬೆರಳು ಮಡಚಿ ಎಣಿಸಿದೆ. ನಗು ಬಂತು.
ನಗುವಿನ ಹಿಂದೆಯೇ ಬೆನ್ನಲ್ಲೊಂದು ಚಳುಕು.
ಎಂಟು ಬಿಟ್ಟಿನ ಆ ಡಬ್ಬಿಯಲ್ಲಿ
ಮೈನಸ್ ಗೆರೆ ಮಲಗಲು ಜಾಗವನ್ನೇ ಇಟ್ಟಿಲ್ಲ.
ಮಂಜು ಕಟ್ಟಿ ಕೂತ ಎಂಟು ಜೀವಗಳಿಗೆ
ಬೆಂಕಿ ಬಿದ್ದಿದೆ ಎಂದು ತಿಳಿದು
ರಾತ್ರಿಯಿಡೀ ನೀರು ಹೊಯ್ಯುತ್ತಿತ್ತು ಈ ತಂತ್ರಾಂಶ,
ಬಲು ಅಕ್ಕರೆಯಿಂದ.

ಅವರನ್ನು ಬೈಯಲಾರೆ.
ಬೋರ್‌ವೆಲ್ ಪಂಪು, ಬಸ್ಸಿನ ಬ್ರೇಕು, ಪಕ್ಕದ ಬೀದಿಯ ಕಂಪ್ರೆಸರು,
ಯಾರು ಕೇಳಿದ್ದರು ಸೊನ್ನೆಯ ಕೆಳಗಿನ ಸುದ್ದಿ?
ಹದಿಮೂರು ಡಿಗ್ರಿಗೇ ಮಂಗನ ಟೋಪಿ ಹುಡುಕುವ ಊರಿದು.
ಈ ಸಲದ ಮಾಲು ಹೋಗುವುದು ಲೇಹ್‌ಗೆ,
ಒಂದು ಆಮ್ಲಜನಕದ ಘಟಕಕ್ಕೆ.
ಸೊನ್ನೆಯ ಕೆಳಗೆ ನಾನು ಇಳಿದದ್ದೂ
ಓವರ್‌ಡ್ರಾಫ್ಟಿನಲ್ಲಿ ಮಾತ್ರ.

ಒಂದು ಪದ ಅಳಿಸಿದೆ. ಮತ್ತೆ ಓಡಿಸಿದೆ.
ನಾಲ್ಕು. ನಾಲ್ಕು. ನಾಲ್ಕು. ನಾಲ್ಕು.
ಐದನೆಯದು ಮೂರು ಪಾಯಿಂಟ್ ಒಂಬತ್ತು ಒಂದು,
ಅದರ ಕಥೆ ಬೇರೆ, ನಾಳೆಗಿರಲಿ.
ನಾಲ್ಕು. ನಾಲ್ಕು. ನಾಲ್ಕು.

ಸಂಪಂಗಿರಾಮರ ಟಿಪ್ಪಣಿಯ ಕೆಳಗೆ ಒಂದು ಸಾಲು ಸೇರಿಸಿದೆ:
ಕೈ ಹಾಕಿದ್ದೇನೆ. ಚಳಿ ಇತ್ತು.

ಇಪ್ಪತ್ತೈದಕ್ಕೆ ಏರುವ ತನಕ ಬಾಗಿಲು ತೆರೆಯಬಾರದು.
ಇಬ್ಬರಿಗೂ ಗೊತ್ತು. ನಿಯಮ ಗೋಡೆಯ ಮೇಲೇ ಇದೆ.
ಮುನಿಹೊನ್ನಯ್ಯ ನನ್ನ ಕಡೆ ನೋಡಿದ,
ಅಂಗೈ ಅಗಲದಷ್ಟು ತೆರೆದ.
ಬಿಳಿ ಉಸಿರು ಇಳಿದು ಅವನ ಬರಿಗಾಲು ಮೂಸಿತು.
ಇಬ್ಬರೂ ಬಗ್ಗಿ ಮುಖ ಒಡ್ಡಿದೆವು,
ಕಣ್ಣು ಮುಚ್ಚಿ, ಹತ್ತೆಣಿಸುವಷ್ಟು ಹೊತ್ತು.

ದಾಖಲೆಯ ಗೆರೆಯಲ್ಲಿ ಮೂರು ಡಿಗ್ರಿಯದೊಂದು ಗುಬುಟು,
ರಾತ್ರಿ ಎರಡೂ ನಲವತ್ತಕ್ಕೆ.
ಪಕ್ಕದಲ್ಲಿ ಖಾಲಿ ಕಾಲಂ: ಕಾರಣ.
ಪೆನ್ನು ಹಿಡಿದು ಕೂತಿದ್ದೇನೆ.